ಗರಿಕೆ ಹುಲ್ಲುಹಾಸು ಒಣಗಿದರೆ, ಹಳದಿಯಾದರೆ, ತೇಪೆ ಬಿದ್ದರೆ: ಎರೆ ನೆಲದ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ನವಲಗುಂದ, ರೋಣದ ಕಡೆಯ ರೈತರು ಗರಿಕೆಯನ್ನು ಹೊಲದಿಂದ ತೊಲಗಿಸಲು ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿ, ಮೇಲೆ ಬಂದ ಬೇರುಗಳನ್ನು ಆರಿಸಿ, ಬಿಸಿಲಿಗೆ ಹಾಕಿ ಸುಡುತ್ತಾರೆ. ಹಾಗೆ ಮಾಡಿದರೂ ಮುಂಗಾರು ಬಿದ್ದ ಮೇಲೆ ಅದು ಮತ್ತೆ ತಲೆ ಎತ್ತುತ್ತದೆ. ಅಂಥ ಹುಲ್ಲು ಹುಬ್ಬಳ್ಳಿಯ ಹೊಸ ಬಡಾವಣೆಯ ಮನೆಯ ಮುಂದೆ, ದಿನವೂ ನೀರು ಕುಡಿದು, ಗೊಬ್ಬರ ತಿಂದು ಸಾಯುತ್ತಿದೆ ಎಂದರೆ ತಪ್ಪನ್ನು ಹುಲ್ಲಿನಲ್ಲಿ ಹುಡುಕುವುದು ವ್ಯರ್ಥ. ನಾನು ನೋಡಿದ ಬಹುಪಾಲು ಗರಿಕೆ ಅಂಗಳಗಳಲ್ಲಿ ದೋಷ ನೀರಿನದು: ಒಂದೋ ಅತಿಯಾಗಿದೆ, ಇಲ್ಲವೇ ಕೆಟ್ಟದ್ದಾಗಿದೆ, ಇಲ್ಲವೇ ಬೇರಿನವರೆಗೆ ಇಳಿದೇ ಇಲ್ಲ. ಕೀಟ ಮತ್ತು ರೋಗದ ಸರದಿ ಅದರ ನಂತರ. ಔಷಧದ ಅಂಗಡಿಗೆ ಹೋಗುವ ಮೊದಲು ಕೆಳಗಿನ ಕ್ರಮದಲ್ಲಿ ಪರೀಕ್ಷಿಸಿ.

ಅದು ಗರಿಕೆ ಹೌದೇ?

ಈ ಪ್ರಶ್ನೆ ಬಾಲಿಶವೆನಿಸಬಹುದು, ಆದರೆ ಅರ್ಧ ದೂರುಗಳು ಇಲ್ಲಿಯೇ ಮುಗಿಯುತ್ತವೆ. ನರ್ಸರಿಯಿಂದ ಚಪ್ಪಡಿಯಾಗಿ ತಂದು ಹಾಸುವ ಹುಲ್ಲು ಅನೇಕ ಸಲ ಮೆಕ್ಸಿಕನ್ ಅಥವಾ ಕೊರಿಯನ್ ಜಾತಿಯದು. ಸೂಜಿಯಂಥ ಎಲೆ, ಕಾಲಿಟ್ಟರೆ ಮೆತ್ತಗೆ ಒತ್ತಿಕೊಳ್ಳುವ ದಟ್ಟ ಹಾಸು ಇದ್ದರೆ ಅದು ಗರಿಕೆಯಲ್ಲ. ಅದಕ್ಕೆ ಗರಿಕೆಯ ಲೆಕ್ಕದಲ್ಲಿ ನೀರು ಕಡಿಮೆ ಮಾಡಿದರೆ ಕಂದಾಗುವುದು ಸಹಜ.

ಗರಿಕೆಯನ್ನು ಗುರುತಿಸಲು ಒಂದು ಕುಡಿಯನ್ನು ಎಳೆದು ನೋಡಿ. ನೆಲದ ಮೇಲೆ ಹರಿದ ಕಾಂಡ ಗೆಣ್ಣು ಗೆಣ್ಣಿಗೂ ಬೇರು ಬಿಟ್ಟಿರುತ್ತದೆ. ಎಲೆ ಕಾಂಡಕ್ಕೆ ಕೂಡುವ ಜಾಗದಲ್ಲಿ ಸಣ್ಣ ಬಿಳಿ ಕೂದಲಿನ ಸಾಲು ಇರುತ್ತದೆ. ಬಿಸಿಲಿಗೆ ಹಿಡಿದರೆ ಬರಿಗಣ್ಣಿಗೂ ಕಾಣುತ್ತದೆ. ತೆನೆಯಲ್ಲಿ ಒಂದೇ ಬಿಂದುವಿನಿಂದ ಸಾಮಾನ್ಯವಾಗಿ ನಾಲ್ಕೈದು ತೆಳು ಬೆರಳುಗಳು ಹೊರಡುತ್ತವೆ. ಗಣೇಶ ಚತುರ್ಥಿಗೆ ಇಪ್ಪತ್ತೊಂದು ಗರಿಕೆ ಆರಿಸುವ ಮನೆಯ ಹಿರಿಯರಿಗೆ ತೋರಿಸಿದರೆ ಇಷ್ಟೂ ಪರೀಕ್ಷೆ ಬೇಕಾಗುವುದಿಲ್ಲ.

ಸತ್ತಿದೆಯೋ, ಮಲಗಿದೆಯೋ?

ಗರಿಕೆ ಬೇಸಿಗೆಯಲ್ಲಿ ನೀರು ಸಿಗದಿದ್ದರೆ ಎಲೆಯನ್ನು ಒಣಗಿಸಿಕೊಂಡು, ಜೀವವನ್ನು ಗೆಣ್ಣಿನಲ್ಲಿ ಮತ್ತು ನೆಲದೊಳಗಿನ ಕಾಂಡದಲ್ಲಿ ಉಳಿಸಿಕೊಂಡು ಕೂರುತ್ತದೆ. ಏಪ್ರಿಲ್ ತಿಂಗಳಲ್ಲಿ ಗದಗಿನ ಅಂಗಳ ಪೂರ್ತಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ. ಡಿಸೆಂಬರ್, ಜನವರಿಯಲ್ಲೂ ಹೀಗೆಯೇ: ಇದು ಬಿಸಿಲಿನ ಹುಲ್ಲು, ಧಾರವಾಡದ ಚಳಿಯ ರಾತ್ರಿಗಳಲ್ಲಿ ಬೆಳವಣಿಗೆ ನಿಧಾನವಾಗಿ ಬಣ್ಣ ಮಂಕಾಗುತ್ತದೆ. ಆಗ ಯೂರಿಯಾ ಹಾಕಿ ಎಬ್ಬಿಸಲು ಹೋಗುವುದು ದುಡ್ಡಿನ ದಂಡ.

ಪರೀಕ್ಷೆ ಸುಲಭ. ನೆಲದ ಮೇಲಿನ ಕಾಂಡವೊಂದನ್ನು ಉಗುರಿನಿಂದ ಕೆರೆಯಿರಿ. ಒಳಗೆ ಬಿಳಿ ಅಥವಾ ತಿಳಿಹಸಿರು ಇದ್ದು, ಬಗ್ಗಿಸಿದಾಗ ಹಸಿಯಾಗಿ ಮುರಿದರೆ ಜೀವವಿದೆ. ಒಳಗೂ ಕಂದಾಗಿ ನಾರಿನಂತೆ ಪುಡಿಯಾದರೆ ಆ ಕಾಂಡ ಹೋಗಿದೆ. ಅಷ್ಟಕ್ಕೇ ನಿಲ್ಲಿಸದೆ ನಾಲ್ಕು ಬೆರಳು ಆಳಕ್ಕೆ ಅಗೆದು ನೆಲದೊಳಗಿನ ಬಿಳಿ ಕಾಂಡವನ್ನೂ ನೋಡಿ, ಅದು ಗಟ್ಟಿಯಾಗಿದ್ದರೆ ಹುಲ್ಲು ಮತ್ತೆ ಬರುತ್ತದೆ. ಬೇಸಿಗೆಯಲ್ಲಿ ಹೀಗೆ ಮಲಗಿದ ಹುಲ್ಲಿನ ಜೀವ ಕಾಯಲು ಮೂರು ವಾರಕ್ಕೊಮ್ಮೆ ಒಂದು ಹದವಾದ ನೀರು ಸಾಕು. ನಲ್ಲಿ ನೀರಿಗೆ ವಾರಗಟ್ಟಲೆ ಕಾಯುವ ಓಣಿಗಳಲ್ಲಿ ಅದನ್ನು ಹಸಿರಾಗಿಯೇ ಇಡಬೇಕೆಂಬ ಹಠವನ್ನು ಬಿಡುವುದು ಒಳ್ಳೆಯದು.

ಕಲೆ ಎಲ್ಲಿದೆ, ಯಾವ ಆಕಾರದಲ್ಲಿದೆ?

ಮಹಡಿಯ ಮೇಲೆ ಹೋಗಿ ಅಂಗಳವನ್ನು ಮೇಲಿನಿಂದ ನೋಡಿ. ಕಲೆ ನೇರ ಗೆರೆಯಲ್ಲಿದ್ದರೆ ಕಾರಣ ಮನುಷ್ಯನದೇ: ಪೈಪ್, ದಾರಿ, ಗೋಡೆ, ನೆಲದಡಿಯ ಕಲ್ಲು. ಫರ್ಸಿ ಕಲ್ಲಿನ ಅಂಚಿನುದ್ದಕ್ಕೂ ಒಂದು ಗೇಣು ಒಣಗಿದ್ದರೆ ಅದು ಕಲ್ಲಿನ ಕಾವು. ನಡುವೆ ಒಣಗಿ ಸುತ್ತ ಕಡುಹಸಿರಿನ ಉಂಗುರವಿರುವ ತಟ್ಟೆಯಷ್ಟು ಕಲೆಗಳು ನಾಯಿಯ ಮೂತ್ರದವು. ನೀರು ಸುರಿದು ತೊಳೆದರೆ ಸಾಕು. ಅಡ್ಡಾದಿಡ್ಡಿಯಾಗಿ ಹರಡಿ ವಾರದಿಂದ ವಾರಕ್ಕೆ ದೊಡ್ಡದಾಗುವ ಕಲೆಯಿದ್ದರೆ ಬೇರಿನ ಕಡೆ ನೋಡಬೇಕು, ಅದನ್ನು ಮುಂದೆ ಹೇಳಿದ್ದೇನೆ.

ಹೊಸ ಮನೆಗಳಲ್ಲಿ ಮಾತ್ರ ಕಾಣುವ ಇನ್ನೊಂದಿದೆ. ಎಷ್ಟು ನೀರು ಹಾಕಿದರೂ ಒಂದೇ ಜಾಗ ಮೊದಲು ಒಣಗುತ್ತದೆ. ಅಲ್ಲಿ ಹಾರೆ ಹಾಕಿ. ಮೂರು ಬೆರಳು ಮಣ್ಣಿನ ಕೆಳಗೆ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಗಾರೆ ಕಲಸಿದ ಜಾಗದ ಬಿಳಿ ಪದರ ಸಿಕ್ಕೇ ಸಿಗುತ್ತದೆ. ಗುತ್ತಿಗೆದಾರ ಮನೆಯನ್ನು ಒಪ್ಪಿಸುವ ಮುನ್ನ ಮೇಲೆ ಎರಡು ಟ್ರ್ಯಾಕ್ಟರ್ ಮಣ್ಣು ಹರಡಿ ಹೋಗಿರುತ್ತಾನೆ. ಇದಕ್ಕೆ ಗೊಬ್ಬರ, ಔಷಧ ಯಾವುದೂ ನಾಟುವುದಿಲ್ಲ. ಒಂದು ಅಡಿ ಆಳ ಅಗೆದು, ಕಸ ತೆಗೆದು, ಮಣ್ಣು ತುಂಬುವುದೊಂದೇ ದಾರಿ.

ನೀರು ಹಾಕುತ್ತಲೇ ಇದ್ದರೂ ಒಣಗುತ್ತದೆ

ಎರೆ ಮಣ್ಣಿನ ಗುಣವನ್ನು ಅರಿಯದೆ ಈ ದೋಷ ತಿಳಿಯುವುದಿಲ್ಲ. ಒಣಗಿದಾಗ ಈ ಮಣ್ಣು ಕುಗ್ಗಿ ಬಿರಿಯುತ್ತದೆ, ಬಿರುಕಿನಲ್ಲಿ ಅಂಗೈ ಹೋಗುವಷ್ಟು. ಪೈಪ್ ಹಿಡಿದರೆ ಮೊದಲ ನೀರು ಬಿರುಕಿನ ಮೂಲಕ ಸೀದಾ ಪಾತಾಳಕ್ಕೆ ಹೋಗುತ್ತದೆ. ಆಮೇಲೆ ಮೇಲ್ಮೈ ಉಬ್ಬಿ ಮುಚ್ಚಿಕೊಂಡು, ನೀರು ಒಳಗಿಳಿಯದೆ ಗೇಟಿನ ಕಡೆ ಹರಿಯುತ್ತದೆ. ಎರಡರ ನಡುವೆ ಬೇರು ಇರುವ ಜಾಗ ಒಣಗಿಯೇ ಉಳಿಯುತ್ತದೆ. ನೋಡುವವರಿಗೆ ಅಂಗಳ ತೊಯ್ದಂತೆ ಕಾಣುತ್ತದೆ!

ನೀರು ಹಾಕಿದ ಮರುದಿನ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ನೆಲಕ್ಕೆ ಒತ್ತಿ. ತೊಯ್ದ ಮಣ್ಣಿನಲ್ಲಿ ಅದು ಸಲೀಸಾಗಿ ಇಳಿಯುತ್ತದೆ, ಒಣ ಪದರ ಸಿಕ್ಕ ಕೂಡಲೇ ನಿಲ್ಲುತ್ತದೆ. ಒಂದೂವರೆ ಇಂಚಿಗೇ ನಿಂತರೆ ನಿಮ್ಮ ನೀರು ಎಲೆ ತೊಳೆಯಲಷ್ಟೇ ಬಳಕೆಯಾಗಿದೆ. ಆರು ಇಂಚು ಇಳಿಯಬೇಕು.

ಪರಿಹಾರ ನೀರನ್ನು ಹೆಚ್ಚಿಸುವುದರಲ್ಲಿಲ್ಲ, ಹಾಕುವ ಬಗೆಯಲ್ಲಿದೆ. ಒಂದೇ ಸಲಕ್ಕೆ ಸುರಿಯದೆ, ಹರಿಯಲು ಶುರುವಾದ ಕೂಡಲೇ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿ. ಹೀಗೆ ಎರಡು ಮೂರು ಸರದಿ. ನೇರ ಗೋಡೆಯ ಡಬ್ಬಿಗಳನ್ನು ಅಂಗಳದಲ್ಲಿ ಅಲ್ಲಲ್ಲಿ ಇಟ್ಟರೆ ಎಷ್ಟು ಬಿತ್ತು ಎಂಬುದು ಅಳತೆಗೆ ಸಿಗುತ್ತದೆ. ಡಬ್ಬಿಯಲ್ಲಿ ಒಂದು ಇಂಚು ನಿಂತರೆ ನೂರು ಚದರಡಿಗೆ ಸುಮಾರು 230 ಲೀಟರ್ ಹಾಕಿದಂತೆ. ಕಡು ಬೇಸಿಗೆಯಲ್ಲಿ ಗರಿಕೆಯನ್ನು ಹಸಿರಾಗಿಡಲು ವಾರಕ್ಕೆ ಇಷ್ಟು ಸಾಕು. ದಿನವೂ ಸಂಜೆ ಹತ್ತು ನಿಮಿಷ ಚಿಮುಕಿಸುವ ಅಭ್ಯಾಸ ಬೇರನ್ನು ಮೇಲೆಯೇ ಕೂರಿಸುತ್ತದೆ, ಮುಂದೆ ನಾಲ್ಕು ದಿನ ನೀರು ತಪ್ಪಿದರೂ ಹುಲ್ಲು ಬಾಡುತ್ತದೆ. ಬಿರುಕುಗಳಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಜರಡಿ ಹಿಡಿದು ತುಂಬಿಸಿ. ಮರಳು ಸುರಿಯಲು ಹೇಳುವವರು ಬಹಳ ಜನ. ಅಂಟು ಎರೆಗೆ ಸ್ವಲ್ಪ ಮರಳು ಬೆರೆಸಿದರೆ ಅದು ಇನ್ನಷ್ಟು ಗಟ್ಟಿಯಾಗುವುದೇ ಹೆಚ್ಚು.

ಧಾರವಾಡದ ಪಶ್ಚಿಮದ ಕಡೆ, ಹಾನಗಲ್ಲಿನ ಕಡೆ ಮಸಾರಿ (ಕೆಂಪು) ಮಣ್ಣಿರುವವರಿಗೆ ಈ ತೊಂದರೆ ಕಡಿಮೆ. ಅಲ್ಲಿ ನೀರು ಬೇಗ ಇಳಿಯುತ್ತದೆ, ಬೇಗ ಆರುತ್ತದೆ. ಹೀಗಾಗಿ ಒಂದು ಸಲದ ಪ್ರಮಾಣ ತಗ್ಗಿಸಿ ಸರದಿ ಹೆಚ್ಚಿಸಬೇಕಾಗುತ್ತದೆ.

ಇಲ್ಲಿ ಹುಲ್ಲಿಗಿಂತ ದೊಡ್ಡ ಮಾತೊಂದಿದೆ. ಉಬ್ಬಿ ಕುಗ್ಗುವ ಎರೆ ನೆಲದಲ್ಲಿ ಕಟ್ಟಿದ ಮನೆಯ ತಳಪಾಯದ ಪಕ್ಕದಲ್ಲೇ ವರ್ಷವಿಡೀ ನೀರು ನಿಲ್ಲಿಸಿದರೆ ಗೋಡೆಗಳು ಬಿರುಕು ಬಿಡಬಹುದು. ಅಡಿಪಾಯಕ್ಕೆ ಗರಸು ತುಂಬಿಸಿ ಖರ್ಚು ಮಾಡಿದವರು ಹುಲ್ಲಿಗಾಗಿ ಅದೇ ಜಾಗ ತೋಯಿಸುವುದು ಸರಿಯಲ್ಲ. ಗೋಡೆಯಿಂದ ಮೂರು ಅಡಿಯಾದರೂ ಬಿಟ್ಟು ಹುಲ್ಲು ಹಾಕಿ, ಇಳಿಜಾರು ಹೊರಗಡೆಗೆ ಇರಲಿ.

ಎಲೆಯ ತುದಿ ಸುಟ್ಟಂತೆ, ನೆಲದ ಮೇಲೆ ಬಿಳಿ ಪುಡಿ

ಇದು ಕೊಳವೆ ಬಾವಿಯ ದೋಷ. ನರಗುಂದ, ನವಲಗುಂದ, ರೋಣದ ಸುತ್ತ ಸವಳು ನೀರು ಹೊಸದೇನಲ್ಲ. ಗರಿಕೆ ಉಪ್ಪನ್ನು ಬಹಳ ಹುಲ್ಲುಗಳಿಗಿಂತ ಚೆನ್ನಾಗಿ ತಾಳುತ್ತದೆ, ಆದರೆ ಅದಕ್ಕೂ ಮಿತಿಯಿದೆ.

ಮೊದಲು ಮನೆಯ ಪೈಪುಗಳನ್ನು ಹಿಂಬಾಲಿಸಿ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ವ್ಯರ್ಥ ಮಾಡಬಾರದೆಂದು ಬಹಳ ಮನೆಗಳಲ್ಲಿ ಅಂಗಳಕ್ಕೆ ಬಿಟ್ಟಿರುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಮೂಲ ನೀರಿಗಿಂತ ಹೆಚ್ಚು ಲವಣವಿರುತ್ತದೆ. ಒಂದೇ ಮೂಲೆಯಲ್ಲಿ ಹುಲ್ಲು ಸುಟ್ಟಿದ್ದು, ಆ ಪೈಪಿನ ಬಾಯಿ ಅಲ್ಲೇ ಇದ್ದರೆ ಹೆಚ್ಚು ಯೋಚಿಸಬೇಕಿಲ್ಲ. ಅದನ್ನು ನೆಲ ಒರೆಸಲು, ಶೌಚಕ್ಕೆ ಬಳಸಿ. ಗಡಸು ನೀರನ್ನು ಮೆದು ಮಾಡುವ, ಉಪ್ಪು ಹಾಕಿ ನಡೆಸುವ ಯಂತ್ರವಿದ್ದರೆ ಅದರ ನೀರು ಇನ್ನೂ ಅಪಾಯ. ಸುಣ್ಣದಂಶವನ್ನು ತೆಗೆದು ಅದರ ಬದಲು ಸೋಡಿಯಂ ಕೊಡುವ ಯಂತ್ರ ಅದು; ಬಟ್ಟೆಗೆ ಒಳ್ಳೆಯದು, ಎರೆ ಮಣ್ಣಿಗೆ ವಿಷ. ತೋಟದ ನಲ್ಲಿಯನ್ನು ಆ ಯಂತ್ರಕ್ಕಿಂತ ಹಿಂದಿನಿಂದಲೇ ಕವಲು ತೆಗೆಸಿ.

ಸೋಡಿಯಂ ಮಣ್ಣನ್ನು ಕೆಡಿಸಿದೆಯೇ ಎಂದು ತಿಳಿಯಲು ಒಂದು ಗಾಜಿನ ಲೋಟ ಸಾಕು. ಮಳೆ ನೀರು ಅಥವಾ ಆರ್‌ಒದ ಕುಡಿಯುವ ನೀರು ತುಂಬಿ, ಕಡಲೆ ಕಾಳಿನಷ್ಟು ದೊಡ್ಡ ಒಣ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಅದರೊಳಗೆ ಬಿಡಿ. ಅಲುಗಾಡಿಸದೆ ಎರಡು ಗಂಟೆ ಬಿಟ್ಟು ನೋಡಿ. ಹೆಂಟೆ ಕುಸಿದು ಸಣ್ಣ ರಾಶಿಯಾಗಿ ಕೂತು ನೀರು ತಿಳಿಯಾಗಿಯೇ ಇದ್ದರೆ ಮಣ್ಣು ಆರೋಗ್ಯವಾಗಿದೆ. ಹೆಂಟೆಯ ಸುತ್ತ ಬೂದು ಮೋಡ ಎದ್ದು ಲೋಟದ ತಳದಲ್ಲಿ ಹರಡುತ್ತಿದ್ದರೆ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಸುತ್ತಿದೆ. ಇಂಥ ನೆಲ ಒದ್ದೆಯಾದಾಗ ಅಂಟಂಟಾಗಿ, ಒಣಗಿದಾಗ ಕಲ್ಲಾಗಿ, ನೀರಿಗೂ ಗಾಳಿಗೂ ಬಾಗಿಲು ಮುಚ್ಚುತ್ತದೆ.

ಮೋಡ ಕಂಡರೆ ಮಾತ್ರ ಜಿಪ್ಸಂ ತನ್ನಿ. ಲೋಟದ ಫಲಿತಾಂಶ ತಿಳಿಯಾಗಿದ್ದರೆ ಜಿಪ್ಸಂ ಹಾಕಿ ಪ್ರಯೋಜನವಿಲ್ಲ. ನೂರು ಚದರಡಿಗೆ ಸುಮಾರು ಐದು ಕಿಲೋ ಹರಡಿ, ಮೇಲ್ಮಣ್ಣಿನಲ್ಲಿ ಕೆದಕಿ, ಮುಂಗಾರಿನ ಮಳೆಗೆ ಬಿಟ್ಟರೆ ಕೆಲಸ ಸರಾಗ. ನೀರು ಕೆಳಗಿಳಿದು ಹೊರಹೋಗಲು ದಾರಿಯಿರಬೇಕು, ಇಲ್ಲದಿದ್ದರೆ ಬಿಡಿಸಿದ ಸೋಡಿಯಂ ಅಲ್ಲೇ ಸುತ್ತುತ್ತದೆ. ಸರಿಯಾದ ಪ್ರಮಾಣ ಬೇಕೆಂದರೆ ಮಣ್ಣು ಮತ್ತು ನೀರು ಎರಡನ್ನೂ ಪರೀಕ್ಷೆಗೆ ಕೊಡಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಹುಲಕೋಟಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ವರದಿಯಲ್ಲಿ ಮಣ್ಣಿನ ರಸಸಾರ (ಪಿಎಚ್) 8.5 ದಾಟಿದೆಯೇ, ನೀರಿನ ಶೇಷ ಸೋಡಿಯಂ ಕಾರ್ಬೊನೇಟ್ (ಆರ್‌ಎಸ್‌ಸಿ) ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ದಾಟಿದೆಯೇ ಎಂದು ಮೊದಲು ನೋಡಿ. ಎರಡೂ ದಾಟಿದ್ದರೆ ಆ ಕೊಳವೆ ಬಾವಿಯ ನೀರನ್ನು ಹುಲ್ಲಿಗೆ ಬಿಡುವುದನ್ನು ನಿಲ್ಲಿಸಿ, ಮಾಳಿಗೆಯ ಮಳೆ ನೀರನ್ನು ಹಿಡಿದಿಡುವ ಯೋಚನೆ ಮಾಡಿ.

ಹಳದಿ: ಹಳೆಯ ಎಲೆಯೋ, ಹೊಸ ಚಿಗುರೋ?

"ಯೂರಿಯಾ ಹಾಕಿಸಿ ಸಾಹೇಬರೇ, ಎಂಟು ದಿನದಲ್ಲಿ ಹಸಿರಾಗುತ್ತದೆ" ಎಂದು ಮಾಲಿ ಹೇಳುತ್ತಾನೆ. ಒಮ್ಮೊಮ್ಮೆ ಅವನ ಮಾತು ನಿಜವೂ ಆಗುತ್ತದೆ. ನಿಜವಾಗುವುದು ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗಿ, ಅಂಗಳ ಪೂರ್ತಿ ಒಂದೇ ಸಮನೆ ಬಿಳಚಿಕೊಂಡು, ಬೆಳವಣಿಗೆ ಕುಂಠಿತವಾಗಿದ್ದಾಗ. ಅದು ಸಾರಜನಕದ ಕೊರತೆ. ನೂರು ಚದರಡಿಗೆ ನೂರು ಗ್ರಾಂ ಯೂರಿಯಾ, ಮಳೆಗಾಲದಲ್ಲಿ, ಎಲೆಯ ಮೇಲೆ ತೇವವಿಲ್ಲದಾಗ ಎರಚಿ ಕೂಡಲೇ ನೀರು ಹಾಕಿದರೆ ಸರಿಹೋಗುತ್ತದೆ. ಹರಳು ಎಲೆಯ ಮೇಲೆ ಉಳಿದರೆ ಸುಡುತ್ತದೆ.

ಹೊಸ ಚಿಗುರೇ ಹಳದಿಯಾಗಿದ್ದು, ಎಲೆಯ ನರಗಳು ಮಾತ್ರ ಹಸಿರು ಗೆರೆಗಳಾಗಿ ಉಳಿದಿದ್ದರೆ ಯೂರಿಯಾದಿಂದ ಏನೂ ಆಗದು. ಅದು ಕಬ್ಬಿಣದ ಕೊರತೆ. ಎರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಸುಣ್ಣದಂಶ ಹೆಚ್ಚಿರುವುದರಿಂದ ಬೇರಿಗೆ ಸಿಗುವುದಿಲ್ಲ. ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಎದ್ದರೆ ಸುಣ್ಣವಿದೆ. ಅತಿಯಾಗಿ ನೀರು ನಿಂತ ಜಾಗದಲ್ಲಿ ಈ ಹಳದಿ ಇನ್ನೂ ಜೋರು, ಆದ್ದರಿಂದ ಮೊದಲು ನೀರು ತಗ್ಗಿಸಿ ಒಂದೆರಡು ವಾರ ನೋಡಿ. ಆಮೇಲೂ ಉಳಿದರೆ ಒಂದು ಲೀಟರ್ ನೀರಿಗೆ ಐದು ಗ್ರಾಂ ಫೆರಸ್ ಸಲ್ಫೇಟ್, ಒಂದು ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿ. ಮಣ್ಣಿಗೆ ಸುರಿದರೆ ಸುಣ್ಣ ಅದನ್ನೂ ಹಿಡಿದುಕೊಳ್ಳುತ್ತದೆ. ಫರ್ಸಿ ಕಲ್ಲಿನ ಮೇಲೆ ಬೀಳದಂತೆ ನೋಡಿಕೊಳ್ಳಿ, ಆ ತುಕ್ಕಿನ ಕಲೆ ಹೋಗುವುದಿಲ್ಲ.

ಅಪರೂಪಕ್ಕೆ ಎಲೆಗಳು ಹಳದಿಯನ್ನೂ ದಾಟಿ ಪೂರ್ತಿ ಬೆಳ್ಳಗಾಗಿ, ಗಿಡ್ಡ ಗುಚ್ಛಗಳಾಗಿ ಕೂರುತ್ತವೆ. ಕಬ್ಬಿಣ ಸಿಂಪಡಿಸಿದರೂ ಬದಲಾಗುವುದಿಲ್ಲ. ಇದು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಬಿಳಿ ಎಲೆ ರೋಗ. ಔಷಧವಿಲ್ಲ, ಬೇರು ಸಮೇತ ಅಗೆದು ತೆಗೆಯಿರಿ, ಆ ಕುಡಿಗಳನ್ನು ಬೇರೆಡೆ ನೆಡಬೇಡಿ.

ಜುಲೈನಲ್ಲಿ ವಾರಗಟ್ಟಲೆ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದಾಗ ಬರುವ ಸಾಧಾರಣ ಹಳದಿಗೆ ಬಿಸಿಲೇ ಮದ್ದು.

ನೆರಳು

ಬೇವು, ಮಾವಿನ ಕೆಳಗೆ, ಎತ್ತರದ ಕಾಂಪೌಂಡಿನ ಉತ್ತರ ಬದಿಯಲ್ಲಿ ಗರಿಕೆ ಉದ್ದುದ್ದ ಎದ್ದು ತೆಳ್ಳಗಾಗಿ ನೆಲ ಬಿಡುತ್ತದೆ. ಆರು ಗಂಟೆ ನೇರ ಬಿಸಿಲು ಇಲ್ಲದ ಜಾಗಕ್ಕೆ ಇದು ಹೇಳಿದ ಹುಲ್ಲೇ ಅಲ್ಲ. ಅಲ್ಲಿ ಕಲ್ಲು ಹಾಸಿ, ಕುರ್ಚಿ ಇಟ್ಟುಕೊಳ್ಳಿ.

ಚಾಪೆಯಂತೆ ಎದ್ದು ಬಂದರೆ

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಮಳೆ ಚೆನ್ನಾಗಿದ್ದರೂ ಹುಲ್ಲು ತೇಪೆ ತೇಪೆಯಾಗಿ ಬಾಡುತ್ತಿದ್ದರೆ ಕೈಯಿಂದ ಹಿಡಿದು ಎಳೆಯಿರಿ. ಬೇರಿಲ್ಲದೆ ಮಡಚಿಕೊಂಡು ಎದ್ದು ಬಂದರೆ ಕೆಳಗೆ ಗೊಣ್ಣೆ ಹುಳುವಿದೆ. ಒಂದು ಚದರಡಿಯನ್ನು ನಾಲ್ಕು ಇಂಚು ಆಳಕ್ಕೆ ಅಗೆದು ಗೋಣಿಚೀಲದ ಮೇಲೆ ಉದುರಿಸಿ. ಇಂಗ್ಲಿಷಿನ ಸಿ ಅಕ್ಷರದಂತೆ ಮುರುಟಿದ ಬಿಳಿ ಮೈ, ಕಂದು ತಲೆಯ ಹುಳುಗಳು ಐದಕ್ಕಿಂತ ಹೆಚ್ಚು ಸಿಕ್ಕರೆ ಸುಮ್ಮನಿರುವಂತಿಲ್ಲ. ಒಂದೆರಡು ಮಾತ್ರ ಸಿಕ್ಕರೆ ಗೊರವಂಕಗಳಿಗೆ ಬಿಡಿ. ಬೆಳಿಗ್ಗೆ ಅವು ಒಂದೇ ಜಾಗದಲ್ಲಿ ಕುಕ್ಕುತ್ತಿದ್ದರೂ, ರಾತ್ರಿ ಹಂದಿ ನುಗ್ಗಿ ಒಂದೇ ಜಾಗವನ್ನು ಕೆದರಿದ್ದರೂ ಅಲ್ಲಿ ಅಗೆದು ನೋಡಬೇಕು.

ಈ ಹುಳುವಿನ ದುಂಬಿಗಳು ಮುಂಗಾರಿನ ಮೊದಲ ದೊಡ್ಡ ಮಳೆಗಳ ಸಂಜೆ ನೆಲದಿಂದೆದ್ದು ಬೇವಿನ ಎಲೆಗೆ ಮುತ್ತುತ್ತವೆ, ಆಮೇಲೆ ಮಣ್ಣಿನಲ್ಲಿ ಮೊಟ್ಟೆ ಇಡುತ್ತವೆ. ಆ ಸಂಜೆಗಳಲ್ಲಿ ಕೊಂಬೆ ಅಲ್ಲಾಡಿಸಿ ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು ಎಲ್ಲ ಔಷಧಕ್ಕಿಂತ ಅಗ್ಗ. ಹುಳು ಸಣ್ಣದಿರುವ ಜುಲೈ, ಆಗಸ್ಟ್‌ನಲ್ಲಿ ಮೆಟರೈಜಿಯಂ ಶಿಲೀಂಧ್ರವನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ ತೇವ ಮಣ್ಣಿಗೆ ಕೊಟ್ಟರೆ ಕೆಲಸ ಮಾಡುತ್ತದೆ, ಅಕ್ಟೋಬರ್‌ನ ದಪ್ಪ ಹುಳುವಿನ ಮೇಲೆ ಅದರ ಪ್ರಭಾವ ಕಡಿಮೆ.

ಎಲೆ, ಕಾಂಡದ ಮೇಲೆ ಮಣ್ಣಿನ ತೆಳು ಕವಚ ಕಂಡರೆ ಗೆದ್ದಲು. ಅದು ಸಾಮಾನ್ಯವಾಗಿ ಒಣಗಿದ್ದನ್ನೇ ತಿನ್ನುತ್ತದೆ, ಹಸಿಯಾಗಿ ತಂದು ಸುರಿದ ಸಗಣಿಯೇ ಅದಕ್ಕೆ ಕೊಟ್ಟ ಆಮಂತ್ರಣ.

ಕತ್ತರಿಸಿದ ಮೇಲೆ ಅಂಗಳ ಕಂದಾಯಿತು

ಗರಿಕೆಯ ಹಸಿರು ಮೇಲಿನ ಅರ್ಧದಲ್ಲಿರುತ್ತದೆ, ಕೆಳಗೆ ಬರಿಯ ಕಡ್ಡಿ. ತಿಂಗಳುಗಟ್ಟಲೆ ಬಿಟ್ಟು ಒಂದೇ ದಿನ ನೆಲಮಟ್ಟಕ್ಕೆ ಕತ್ತರಿಸಿದರೆ ಕಡ್ಡಿ ಮಾತ್ರ ಕಾಣುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ, ಒಂದೂವರೆ ಇಂಚು ಉಳಿಯಲಿ, ಬೇಸಿಗೆಯಲ್ಲಿ ಎರಡು ಇಂಚು ಇದ್ದರೂ ಒಳ್ಳೆಯದು. ಎಲೆಯ ತುದಿ ಹರಿದು ಬಿಳಿಯಾಗಿದ್ದರೆ ಯಂತ್ರದ ಅಲಗಿಗೆ ಸಾಣೆ ಬೇಕು.

ಗರಿಕೆಗಿಂತ ಜೇಕು ಹೆಚ್ಚಾದರೆ

ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿ. ಮೂರು ಮೂಲೆ ತಾಗಿದರೆ ಜೇಕು. ಒಣ ಅಂಗಳದಲ್ಲಿ ಗರಿಕೆ ಅದನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಸದಾ ಒದ್ದೆಯಿರುವ ಜಾಗದಲ್ಲಿ ಜೇಕಿನದೇ ರಾಜ್ಯ. ಆದ್ದರಿಂದ ಅದು ಎಲ್ಲಿ ದಟ್ಟವಾಗಿದೆಯೋ ಅಲ್ಲಿ ಸೋರುವ ನಲ್ಲಿ, ಒಡೆದ ಪೈಪ್, ತಗ್ಗು ಹುಡುಕಿ. ಮೇಲೆ ಹಿಡಿದು ಕಿತ್ತರೆ ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ, ಹಸಿ ಮಣ್ಣಿನಲ್ಲಿ ಗಡ್ಡೆ ಸಮೇತ ಅಗೆಯಬೇಕು.

ಬೋಳು ಜಾಗಕ್ಕೆ ಮರು ನಾಟಿ

ಮೇಲಿನ ದೋಷ ಸರಿಪಡಿಸದೆ ನಾಟಿ ಮಾಡಬೇಡಿ, ಅದೇ ಜಾಗದಲ್ಲಿ ಅದೇ ಗತಿಯಾಗುತ್ತದೆ. ಜೂನ್ ಕೊನೆ, ಜುಲೈ ತಿಂಗಳು, ನೆಲ ಆಳಕ್ಕೆ ತೊಯ್ದ ಮೇಲೆ ಹದವಾದ ಕಾಲ. ಇನ್ನೊಂದು ಬದಿಯ ಆರೋಗ್ಯವಂತ ಗರಿಕೆಯಿಂದ ಎರಡು ಮೂರು ಗೆಣ್ಣಿರುವ ತುಂಡುಗಳನ್ನು ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಅದೇ ದಿನ ನೆಡಿ. ಗೇಣಿಗೊಂದರಂತೆ, ಒಂದು ಗೆಣ್ಣು ಮಣ್ಣಿನಲ್ಲಿ, ಒಂದು ತುದಿ ಹೊರಗೆ ಇರುವಂತೆ ಓರೆಯಾಗಿ ಊರಿ, ಕಾಲಿನಿಂದ ಒತ್ತಿ. ಗಾಳಿ ಉಳಿದರೆ ತುಂಡು ಒಣಗುತ್ತದೆ. ಬೇರು ಹಿಡಿಯುವ ಮೊದಲ ಎರಡು ಮೂರು ವಾರ ಮಾತ್ರ ಮಣ್ಣು ಆರದಂತೆ ಆಗಾಗ ನೀರು ಕೊಡಿ. ಕುಡಿ ಎಳೆದಾಗ ನೆಲ ಬಿಡದೆ ಹಿಡಿದುಕೊಂಡರೆ ಅಂದಿನಿಂದ ನೀರಿನ ಸರದಿಯನ್ನು ವಾರಕ್ಕೆ ಇಳಿಸಿ.